ಕಾಲೇಜು ಪ್ರವೇಶ ಮತ್ತು ಆರೋಗ್ಯ ಪತ್ರ: ಕನ್ನಡ ಶಾಲೆಯ ಪಾಲಕರು ತಿಳಿದಿರಬೇಕಾದ ಸಂಗತಿಗಳು

ಸೊಲ್ಲಾಪುರ: ಅಕ್ಕಲಕೋಟ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಅನೇಕ ಮಕ್ಕಳು ಮುಂದಿನ ವಿದ್ಯಾಭ್ಯಾಸಕ್ಕೆ ಅಕ್ಕಲಕೋಟ ಇಲ್ಲವೆ ಸೊಲ್ಲಾಪುರದ ಮಹಾವಿದ್ಯಾಲಯಗಳನ್ನು ಸೇರುತ್ತಾರೆ. ಪ್ರವೇಶ ಅರ್ಜಿಯ ಜೊತೆಗೆ, ವಿಶೇಷವಾಗಿ ವಸತಿಗೃಹದ ಅರ್ಜಿಯ ಜೊತೆಗೆ, ಆರೋಗ್ಯದ ಮಾಹಿತಿ ಕೇಳುವ ಪತ್ರವೂ ಕೈಸೇರುವುದುಂಟು. ಅದು ಸಾಮಾನ್ಯವಾಗಿ ಮರಾಠಿ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿಯೇ ಓದಿದ ತಂದೆತಾಯಿಗಳು ಅರ್ಥವಾಗದ ಪ್ರಶ್ನೆಗಳ ಮುಂದೆಲ್ಲ ‘ನಾಹೀ’ ಎಂದು ಬರೆದು ಸಹಿ ಹಾಕಿದರೆ, ಕಷ್ಟಕಾಲದಲ್ಲಿ ಆ ಪತ್ರವು ಮಗುವಿನ ನೆರವಿಗೆ ಬಾರದು.

ಯಾವ ಶಿಕ್ಷಣಕ್ಕೆ ಏನು ಬೇಕು?

ಕಲೆ, ವಾಣಿಜ್ಯ, ವಿಜ್ಞಾನ ವಿಭಾಗಗಳ ಪ್ರವೇಶಕ್ಕೆ ಸಾಮಾನ್ಯವಾಗಿ ಲಸಿಕೆಯ ನಿರ್ಬಂಧವಿಲ್ಲ. 2021ರ ಅಕ್ಟೋಬರ್ 20ರಂದು ರಾಜ್ಯದ ಮಹಾವಿದ್ಯಾಲಯಗಳು ಮರಳಿ ತೆರೆದಾಗ ಕೊರೋನಾ ಲಸಿಕೆಯ ಎರಡೂ ಡೋಸ್ ಕೇಳಿದ್ದು ಆ ಕಾಲದ ವಿಶೇಷ ನಿಯಮವಾಗಿತ್ತು. ವೈದ್ಯಕೀಯ ಶಿಕ್ಷಣದ ಪ್ರವೇಶಕ್ಕೆ ನೋಂದಾಯಿತ ವೈದ್ಯರು ನಿಗದಿತ ನಮೂನೆಯಲ್ಲಿ ನೀಡಿದ ದೇಹದಾರ್ಢ್ಯ ಪ್ರಮಾಣಪತ್ರ ಅವಶ್ಯ.

ರೋಗಿಗಳ ರಕ್ತದ ಸಂಪರ್ಕಕ್ಕೆ ಬರುವ ಶಿಕ್ಷಣಗಳಲ್ಲಿ ಹೆಪಟೈಟಿಸ್ ಬಿ ಲಸಿಕೆಯೂ ಮುಖ್ಯ. ಈ ಲಸಿಕೆ 2011ರಲ್ಲಿ ದೇಶದಾದ್ಯಂತ ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿ ಸೇರಿತು. ಹಿಂದೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ಮೂರು ಡೋಸ್ ಬೇಕಾಗುತ್ತದೆ: ಮೊದಲನೆಯದು, ಒಂದು ತಿಂಗಳ ಬಳಿಕ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಪ್ರವೇಶದ ವಾರದಲ್ಲಿ ಓಡಾಡಿದರೆ ಇದು ಮುಗಿಯದು. ಹನ್ನೆರಡನೆಯ ತರಗತಿಯಲ್ಲಿರುವಾಗಲೇ ಆರಂಭಿಸುವುದು ಲೇಸು.

ಧನುರ್ವಾಯು ಮತ್ತು ಗಂಟಲಮಾರಿಗಳಿಂದ ರಕ್ಷಿಸುವ ಟಿಡಿ ಲಸಿಕೆಯನ್ನು ಸರ್ಕಾರ 10 ಮತ್ತು 16ನೆಯ ವಯಸ್ಸಿಗೆ ಉಚಿತವಾಗಿ ನೀಡುತ್ತದೆ. ಹದಿನಾರನೆಯ ವರ್ಷವು ಮಗು ಶಾಲೆ ಬಿಟ್ಟು ಕನಿಷ್ಠ ಮಹಾವಿದ್ಯಾಲಯ ಸೇರುವ ಕಾಲ. ಆದ್ದರಿಂದ ಎರಡನೆಯ ಡೋಸ್ ತಪ್ಪಿಹೋಗುವ ಸಂಭವ ಹೆಚ್ಚು.

ಮರಾಠಿ ಪತ್ರದ ಶಬ್ದಗಳು

ಕೆಲವು ಶಬ್ದಗಳು ಎರಡೂ ಭಾಷೆಗಳಲ್ಲಿ ಒಂದೇ ಆಗಿವೆ: ಕ್ಷಯರೋಗ, ಮಧುಮೇಹ. ಕೆಲವು ದಾರಿ ತಪ್ಪಿಸುತ್ತವೆ. ‘ಘಟಸರ್ಪ’ ಎಂದರೆ ಹಾವಿನ ಮಾತಲ್ಲ, ಗಂಟಲಮಾರಿ. ‘ಗೋವರ್’ ಎಂದರೆ ದಡಾರ, ನಮ್ಮ ಕಡೆಯ ಗೊಬ್ಬರ. ‘ಕಾವೀಳ’ ಕಾಮಾಲೆ, ‘ಗಾಲಗುಂಡ’ ಮಂಗನಬಾವು, ‘ಡಾಂಗ್ಯಾ ಖೋಕಲಾ’ ನಾಯಿಕೆಮ್ಮು, ‘ಹಿವತಾಪ’ ಮಲೇರಿಯಾ, ‘ಅಪಸ್ಮಾರ’ ಮೂರ್ಛೆರೋಗ. ‘ರಕ್ತಗಟ’ ಎಂಬಲ್ಲಿ ರಕ್ತದ ಗುಂಪನ್ನು, ‘ಲಸೀಕರಣ’ ಎಂಬಲ್ಲಿ ಹಾಕಿಸಿದ ಲಸಿಕೆಗಳನ್ನು ಬರೆಯಬೇಕು.

ಮೂರ್ಛೆರೋಗ, ದಮ್ಮು, ಔಷಧಿಯ ಅಲರ್ಜಿಗಳನ್ನು ಮುಚ್ಚಿಡುವ ಮನಸ್ಸು ಅನೇಕ ಮನೆಗಳಲ್ಲಿದೆ. ಪ್ರವೇಶ ತಪ್ಪೀತು, ಹೆಣ್ಣುಮಗುವಾದರೆ ನಾಳೆ ಮದುವೆಗೆ ತೊಡಕಾದೀತು ಎಂಬ ಅಂಜಿಕೆ ಅದಕ್ಕೆ ಕಾರಣ. ಆದರೆ ರಾತ್ರಿ ವಸತಿಗೃಹದಲ್ಲಿ ಮಗಳಿಗೆ ಮೂರ್ಛೆ ಬಂದರೆ, ಪಕ್ಕದಲ್ಲಿದ್ದವರಿಗೆ ಆಕೆಯ ಮಾತ್ರೆಯ ಹೆಸರು ಗೊತ್ತಿರಬೇಕು. ಎಲ್ಲರಿಗೂ ಹೇಳಬೇಕಾಗಿಲ್ಲ, ಪತ್ರದಲ್ಲಿ ಸತ್ಯ ಬರೆದು, ವಸತಿಗೃಹದ ಮೇಲ್ವಿಚಾರಕರಿಗೆ ತಿಳಿಸಿದರೆ ಸಾಕು.

ರಕ್ತಹೀನತೆ: ಕಾಣದ ತೊಂದರೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಪ್ರಮಾಣ ಹುಡುಗಿಯರಲ್ಲಿ 12 ಗ್ರಾಂಗಿಂತ, ಈ ವಯಸ್ಸಿನ ಹುಡುಗರಲ್ಲಿ 13 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ಬೆಳಗಿನ ಎಸ್.ಟಿ. ಬಸ್ಸು ಹಿಡಿಯಲು ಬರೀ ಚಹಾ ಕುಡಿದು ಹೊರಡುವ ಮಕ್ಕಳಲ್ಲಿ ಆಯಾಸ, ತಲೆಸುತ್ತು, ಓದಿನಲ್ಲಿ ನಿರಾಸಕ್ತಿ ಕಂಡರೆ ಸೋಮಾರಿತನವೆಂದು ಬೈಯುವ ಮುನ್ನ ರಕ್ತ ಪರೀಕ್ಷೆ ಮಾಡಿಸಬೇಕು.

10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಸರ್ಕಾರದ ಯೋಜನೆಯಲ್ಲಿದೆ. ಶಾಲೆ ಬಿಟ್ಟ ಬಳಿಕ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಬಹುದು. ಅದನ್ನು ಊಟದ ನಂತರ ನುಂಗಬೇಕು. ಮಲ ಕಪ್ಪಾದರೆ ಭಯ ಬೇಡ. ಚಹಾ ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಡೆಯುತ್ತದೆ, ಲಿಂಬೆಹಣ್ಣು ಹೆಚ್ಚಿಸುತ್ತದೆ. ರೊಟ್ಟಿ, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಡುವ ತಾಯಿ ಅರ್ಧ ಚಿಕಿತ್ಸೆ ಮಾಡಿದಂತೆಯೇ.

ಮನಸ್ಸಿನ ಮಾತು ಕನ್ನಡದಲ್ಲಿ

ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗು ಒಮ್ಮೆಲೆ ಬೇರೆ ಭಾಷೆಯ ತರಗತಿಯಲ್ಲಿ ಕುಳಿತಾಗ ಹಿಂಜರಿಕೆ, ಒಂಟಿತನ ಸಹಜ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಮಹಾವಿದ್ಯಾಲಯದಲ್ಲಿ ಅವರು ಯಾರು ಎಂದು ಕೇಳುವುದು ಪಾಲಕರ ಹಕ್ಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಅದು ಉಚಿತ, ದಿನದ 24 ಗಂಟೆಯೂ ಲಭ್ಯ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ.

ಎಲ್ಲಿ ಹೋಗಬೇಕು?

2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ದವಾಖಾನೆಗಳಲ್ಲಿ ತಪಾಸಣೆ, ಚಿಕಿತ್ಸೆ ಉಚಿತ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಅಕ್ಕಲಕೋಟದ ಗ್ರಾಮೀಣ ರುಗ್ಣಾಲಯ ಇದರಲ್ಲಿ ಬರುತ್ತವೆ. ಸೊಲ್ಲಾಪುರದ ಸಿವ್ಹಿಲ್ ಆಸ್ಪತ್ರೆ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ್ದರಿಂದ ಅಲ್ಲಿಯ ನಿಯಮ ಬೇರೆ. ಪ್ರಮಾಣಪತ್ರಕ್ಕೆ ಶುಲ್ಕವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಫಲಿತಾಂಶದ ಗಡಿಬಿಡಿ ಆರಂಭವಾಗುವ ಮೊದಲೇ ಮಗುವಿನ ಲಸಿಕಾ ಕಾರ್ಡು, ರಕ್ತದ ಗುಂಪಿನ ವರದಿ, ಹಳೆಯ ಚಿಕಿತ್ಸೆಯ ಚೀಟಿಗಳನ್ನು ಒಂದೇ ಫೈಲಿನಲ್ಲಿ ಸೇರಿಸಿ, ಶಾಲೆ ಬಿಟ್ಟ ದಾಖಲೆಯ ಜೊತೆಗೇ ಇಟ್ಟುಕೊಳ್ಳುವುದು ಒಳಿತು. ಅರ್ಥವಾಗದ ಶಬ್ದವಿದ್ದರೆ ಸಹಿ ಹಾಕುವ ಮುನ್ನ ಶಾಲೆಯ ಗುರುಗಳನ್ನು ಕೇಳಬೇಕು.