ಬಂಡೆ ಹಿಂದೆ ಒಬ್ಬ, ಮಹಡಿ ಮೇಲೆ ಇಬ್ಬರು

ಬಹಳ ಜನ ಕೂಡಿ ಆಡುವ ಆನ್‌ಲೈನ್ ಯುದ್ಧದಾಟಗಳಲ್ಲಿ ಬೆರಳಿನ ಚುರುಕು ಎಷ್ಟು ಮುಖ್ಯವೋ ನಾಲಿಗೆಯ ಹಿಡಿತವೂ ಅಷ್ಟೇ ಮುಖ್ಯ. ಬಿಜಿಎಂಐ, ಕೌಂಟರ್ ಸ್ಟ್ರೈಕ್, ಅಪೆಕ್ಸ್ ಲೆಜೆಂಡ್ಸ್‌ನಂಥ ಆಟಗಳಲ್ಲಿ ಆಟಗಾರ ಸಾಮಾನ್ಯವಾಗಿ ಮೂವರ, ನಾಲ್ವರ ಅಥವಾ ಐವರ ತಂಡದಲ್ಲಿ ಒಬ್ಬ. ತಂಡದವರೆಲ್ಲ ಒಂದೇ ಕೋಣೆಯಲ್ಲಿ ಇರಬೇಕೆಂದಿಲ್ಲ. ಒಬ್ಬ ಹಲಸೂರಿನ ಪಕ್ಕದ ಮರ್ಫಿ ಟೌನ್‌ನಲ್ಲಿ ಮನೆಯ ಮೆಟ್ಟಿಲ ಮೇಲೆ ಕೂತಿರಬಹುದು, ಇನ್ನೊಬ್ಬ ಕೆ.ಆರ್. ಪುರದಲ್ಲಿ, ಉಳಿದಿಬ್ಬರು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ. ಒಬ್ಬನ ಕಣ್ಣಿಗೆ ಬಿದ್ದ ಶತ್ರು ಮಿಕ್ಕ ಮೂವರಿಗೂ ಗೊತ್ತಾಗಬೇಕಾದರೆ ಅವನು ಬಾಯಿ ಬಿಡಬೇಕು, ಅದೂ ಒಂದೆರಡು ಸೆಕೆಂಡಿನೊಳಗೆ.

2017ರಲ್ಲಿ ಬಂದ ಪಬ್‌ಜಿ ಆಟದಲ್ಲಿ ನೂರು ಜನ ಪ್ಯಾರಾಚೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಇಳಿಯುತ್ತಾರೆ. ಅದರ ಮೊದಲ ಭೂಪಟವಾದ ಎರಾಂಗೆಲ್‌ನ ಅಳತೆ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಸುರಕ್ಷಿತ ಜಾಗ, ಅಂದರೆ ಆಟಗಾರರು ‘ಝೋನ್’ ಎನ್ನುವ ವೃತ್ತ, ಹೊತ್ತು ಹೋದಂತೆ ಕಿರಿದಾಗುತ್ತದೆ. ಹೊರಗೆ ಉಳಿದವರ ಪ್ರಾಣ ಸೋರುತ್ತ ಹೋಗುತ್ತದೆ. ನಾಲ್ವರ ತಂಡಕ್ಕೆ ‘ಸ್ಕ್ವಾಡ್’ ಎಂದು ಹೆಸರು. ಈ ನಾಲ್ಕರ ಲೆಕ್ಕ ಸೈನ್ಯಕ್ಕೆ ಹೊಸದಲ್ಲ. ಅಮೆರಿಕದ ಮೆರೀನ್ ಪಡೆಯಲ್ಲಿ ಅತಿ ಚಿಕ್ಕ ಕಾದಾಟದ ಗುಂಪು ನಾಲ್ವರದು. ಆ ನಾಲ್ವರಿಗೆ ಹೊಂದಾಣಿಕೆ ಕಲಿಸಲು ಮೆರೀನ್‌ಗಳು 1996ರಲ್ಲೇ ‘ಡೂಮ್ 2’ ಆಟವನ್ನು ಮಾರ್ಪಡಿಸಿ ‘ಮೆರೀನ್ ಡೂಮ್’ ಮಾಡಿಕೊಂಡಿದ್ದರು. ಮುಂದೆ 2002ರಲ್ಲಿ ಅಮೆರಿಕದ ಭೂಸೇನೆ ‘ಅಮೆರಿಕಾಸ್ ಆರ್ಮಿ’ ಎಂಬ ತಂಡದ ಆಟವನ್ನೇ ಜನರಿಗೆ ಪುಕ್ಕಟೆಯಾಗಿ ಕೊಟ್ಟಿತು. ಅದರ ಉದ್ದೇಶ ಸೇನೆಗೆ ಹುಡುಗರನ್ನು ಸೆಳೆಯುವುದಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಆಟಗಾರರ ಬಾಯಲ್ಲಿ ಶತ್ರುವಿನ ಸುದ್ದಿ ಕೊಡುವ ಮಾತಿಗೆ ‘ಕಾಲ್‌ಔಟ್’ ಎಂದು ಹೆಸರು. ಹೊಸಬ ಸಾಮಾನ್ಯವಾಗಿ ಕೂಗುವುದು ಹೀಗೆ: “ಅಲ್ಲಿ, ಅಲ್ಲಿ! ಹೊಡಿ ಮಗಾ, ಹೊಡಿ!” ಕೂಗಿದವನಿಗೆ ಎಲ್ಲ ಕಾಣುತ್ತಿದೆ, ಕೇಳಿದವರಿಗೆ ಏನೂ ತಿಳಿಯಲಿಲ್ಲ. ಪಳಗಿದವನ ಮಾತು ಬೇರೆ: “320, ಬಂಡೆ ಹಿಂದೆ ಒಬ್ಬ, ಹತ್ರನೇ, ಲೋ ಇದಾನೆ.” ಇಷ್ಟರಲ್ಲಿ ದಿಕ್ಕು, ಗುರುತು, ಸಂಖ್ಯೆ, ದೂರ, ಎದುರಾಳಿಯ ಸ್ಥಿತಿ (‘ಲೋ’ ಎಂದರೆ ಪ್ರಾಣ ಕಡಿಮೆ) ಐದೂ ಬಂದವು. ಪರದೆಯ ಮೇಲ್ಭಾಗದಲ್ಲಿ ದಿಕ್ಸೂಚಿಯ ಪಟ್ಟಿ ಓಡುತ್ತಿರುತ್ತದೆ. ಉತ್ತರಕ್ಕೆ ಸೊನ್ನೆ, ಪೂರ್ವಕ್ಕೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270. ಹಾಗಾಗಿ 320 ಎಂದರೆ ಸುಮಾರಾಗಿ ವಾಯವ್ಯ. ‘ಎಡಗಡೆ’ ಎಂದರೆ ಕೆಲಸ ಕೆಡುತ್ತದೆ. ನಾಲ್ವರೂ ನಾಲ್ಕು ಕಡೆಗೆ ಮುಖ ಮಾಡಿ ನಿಂತಿರುವಾಗ ಎಡವೂ ನಾಲ್ಕು ಆಗುತ್ತದೆ. ಡಿಗ್ರಿ ಲೆಕ್ಕಕ್ಕೂ ಒಂದು ಮಿತಿ ಇದೆ: ಹೇಳುವವನಿಗೂ ಕೇಳುವವನಿಗೂ ನಡುವೆ ಅಂತರ ಹೆಚ್ಚಿದ್ದರೆ ಅದೇ ಬಂಡೆ ಒಬ್ಬನಿಗೆ 320, ಇನ್ನೊಬ್ಬನಿಗೆ 350 ಆಗಿ ಕಾಣುತ್ತದೆ. ಆಗ “ನನ್ನಿಂದ 320” ಎಂದು ಸೇರಿಸುತ್ತಾರೆ, ಇಲ್ಲವೇ ಗುರುತನ್ನು ಹಿಡಿಯುತ್ತಾರೆ.

ಗುರುತುಗಳ ವಿಷಯಕ್ಕೆ ಬಂದರೆ, ಹಳೆಯ ಆಟಗಳ ಭೂಪಟದ ಮೂಲೆಮೂಲೆಗೂ ಹೆಸರಿದೆ. ಕೌಂಟರ್ ಸ್ಟ್ರೈಕ್‌ನ ‘ಡಸ್ಟ್ 2’ ಎಂಬ ಭೂಪಟ 2001ರದು. ಅದರ ‘ಲಾಂಗ್’, ‘ಟನಲ್’, ‘ಕ್ಯಾಟ್‌ವಾಕ್’ ಎಂಬ ಜಾಗಗಳು ಇವತ್ತು ಆಡುವ ಹುಡುಗನಿಗೂ ಗೊತ್ತು, ಅವನು ಹುಟ್ಟುವ ಮೊದಲು ಆಡಿದವರಿಗೂ ಗೊತ್ತು. ಇಂಥ ಹೆಸರುಗಳು ಬಾಯಿಂದ ಬಾಯಿಗೆ ಹಬ್ಬಿ ನಿಂತವು. ಕಂಪನಿಯವರು ಆಮೇಲೆ ಪರದೆಯ ಮೇಲೂ ಹಾಕಿದರು. ಎರಾಂಗೆಲ್‌ನ ಪೊಚಿಂಕಿ ಎಂಬ ಊರಂತೂ ನಿಜವಾದ ಎಷ್ಟೋ ಊರುಗಳಿಗಿಂತ ಪ್ರಸಿದ್ಧ.

ಸುದ್ದಿ ಕೊಡುವುದು ಎಲ್ಲರ ಕೆಲಸ, ತೀರ್ಮಾನ ಹೇಳುವುದು ಒಬ್ಬನ ಕೆಲಸ. ಆ ಒಬ್ಬನನ್ನು ಐಜಿಎಲ್ ಎನ್ನುತ್ತಾರೆ, ಆಟದೊಳಗಿನ ನಾಯಕ. ಎಲ್ಲಿ ಇಳಿಯಬೇಕು, ಯಾವ ಹೊತ್ತಿಗೆ ಝೋನ್ ಕಡೆ ಹೊರಡಬೇಕು, ಎದುರಿನ ತಂಡದ ಮೇಲೆ ನುಗ್ಗಬೇಕೋ ಬಿಟ್ಟು ಹೋಗಬೇಕೋ ಎಂಬುದು ಅವನ ಮಾತಿನ ಮೇಲೆ ನಡೆಯುತ್ತದೆ. ಮುಂದೆ ನುಗ್ಗುವವನು, ಹಿಂದಿನಿಂದ ಆಸರೆ ಕೊಡುವವನು, ದೂರ ಹೋಗಿ ಸುಳಿವು ತರುವವನು ಎಂದು ಉಳಿದವರಿಗೂ ಒಂದೊಂದು ಪಾತ್ರ. ನಾಯಕ ಯಾವಾಗಲೂ ಗುರಿಯಲ್ಲಿ ಎಲ್ಲರಿಗಿಂತ ಗಟ್ಟಿಗ ಆಗಿರುವುದಿಲ್ಲ. ಗುಂಡು ಹಾರಿಸುತ್ತಲೇ ಮೂವರ ಮಾತನ್ನು ಕಿವಿಗೆ ಹಾಕಿಕೊಂಡು, ಭೂಪಟ ನೋಡಿ ನಿರ್ಧಾರ ಮಾಡುವುದು ಬೇರೆಯೇ ಸಾಮರ್ಥ್ಯ. ಅದರ ಭಾರಕ್ಕೆ ಅವನ ಗುರಿ ಸ್ವಲ್ಪ ಮಂಕಾಗುವುದೂ ಉಂಟು. ನಿರ್ಧಾರ ತಪ್ಪಿದರೂ ನಾಲ್ವರೂ ಅದನ್ನೇ ಮಾಡಿದರೆ ಉಳಿಯುವ ಸಾಧ್ಯತೆ ಇರುತ್ತದೆ. ಇಬ್ಬರು ನುಗ್ಗಿ ಇಬ್ಬರು ನಿಂತರೆ ಎರಡು ಅರೆತಂಡಗಳು ಒಂದಾದ ಮೇಲೊಂದು ಸಾಯುತ್ತವೆ.

ಹೇಳಿದ್ದು ತಲುಪಿತು ಎಂದು ಹೇಳಿದವನಿಗೆ ತಿಳಿಯುವುದೂ ಬೇಕು. ಕ್ರಿಕೆಟ್‌ನಲ್ಲಿ ರನ್ ಓಡುವ ಇಬ್ಬರು ‘ಎಸ್’, ‘ನೋ’, ‘ವೇಯ್ಟ್’ ಎಂಬ ಮೂರೇ ಪದಗಳಲ್ಲಿ ವ್ಯವಹಾರ ಮುಗಿಸುವಂತೆ, ಇಲ್ಲಿಯೂ ಮಾತು ಚುಟುಕು, ಜೊತೆಗೆ ಕೇಳಿದವನು ಕೇಳಿದ್ದನ್ನು ತಿರುಗಿಸಿ ಹೇಳುತ್ತಾನೆ. ಒಬ್ಬ ‘ನಾಕ್’ ಆದಾಗ ಇದು ಚೆನ್ನಾಗಿ ಕಾಣುತ್ತದೆ. ಗುಂಡು ತಗುಲಿ ಬಿದ್ದವನು ತಕ್ಷಣ ಸಾಯುವುದಿಲ್ಲ, ತೆವಳುತ್ತಿರುತ್ತಾನೆ. ಗೆಳೆಯನೊಬ್ಬ ಪಕ್ಕದಲ್ಲಿ ಕೂತು ಸುಮಾರು ಹತ್ತು ಸೆಕೆಂಡು ಉಪಚರಿಸಿದರೆ ಮತ್ತೆ ಏಳುತ್ತಾನೆ, ಇದಕ್ಕೆ ‘ರಿವೈವ್’ ಎನ್ನುತ್ತಾರೆ. ಆ ಹತ್ತು ಸೆಕೆಂಡು ಇಬ್ಬರೂ ನಿರಾಯುಧರು. ಆಗ ಇಯರ್‌ಫೋನ್‌ನಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ನಾಕ್ ಆದೆ. ಮಹಡಿ ಮೇಲೆ ಇಬ್ಬರು.”
“ಮಹಡಿ ಇಬ್ಬರು, ಗೊತ್ತಾಯ್ತು. ಗೋಡೆ ಹಿಂದಕ್ಕೆ ತೆವಳು.”
“ಸ್ಮೋಕ್ ಹಾಕ್ತಿದೀನಿ. ಕವರ್ ಕೊಡು.”
“ಕವರ್ ಕೊಡ್ತಿದೀನಿ. ಹೋಗು.”

ಹೊಗೆ ಪೂರ್ತಿ ಹಬ್ಬುವ ಮೊದಲೇ ಓಡಿದರೆ ಇಬ್ಬರೂ ಬೀಳುತ್ತಾರೆ. ಆದ್ದರಿಂದ ಕೊನೆಯ ‘ಹೋಗು’ ಬರುವವರೆಗೆ ಕಾಯುವುದು ಪಳಗಿದ ತಂಡದ ಗುರುತು. ಕೇಳಿದ್ದನ್ನು ತಿರುಗಿಸಿ ಹೇಳುವ ಈ ಪದ್ಧತಿ ಸೈನ್ಯದಲ್ಲೂ ಶಸ್ತ್ರಚಿಕಿತ್ಸೆಯ ಕೋಣೆಯಲ್ಲೂ ವಿಮಾನದಲ್ಲೂ ಇದೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತ ಮೇಲೆ, ಪೈಲಟ್‌ಗಳ ಮಾತಿಗೆ ಇನ್ನೂ ಬಿಗಿಯಾದ ಕಟ್ಟುಪಾಡು ಬಂತು. ಅಲ್ಲಿ ಅಸ್ಪಷ್ಟವಾಗಿ ಕೇಳಿದ ರೇಡಿಯೊ ಮಾತು ದುರಂತದ ಕಾರಣಗಳಲ್ಲಿ ಒಂದಾಗಿತ್ತು.

ಮಾತಾಡದೆ ಇರುವುದೂ ತಂಡದ ಕೆಲಸವೇ. ಈ ಆಟಗಳಲ್ಲಿ ಶತ್ರುವಿನ ಹೆಜ್ಜೆ ಸಪ್ಪಳ ಕಿವಿಗೆ ಬೀಳುವಂತೆ ಮಾಡಿರುತ್ತಾರೆ. ಯಾವ ಕಡೆಯಿಂದ, ಎಷ್ಟು ದೂರದಿಂದ ಎಂಬುದೂ ಅಂದಾಜಾಗುತ್ತದೆ. ಗೆಳೆಯ ತನ್ನನ್ನು ಯಾರು ಹೇಗೆ ಮೋಸದಿಂದ ಹೊಡೆದರು ಎಂದು ವಿವರಿಸುತ್ತಿದ್ದರೆ ಆ ಸಪ್ಪಳ ಮುಳುಗಿಹೋಗುತ್ತದೆ. ಮೂವರು ಸತ್ತು ಒಬ್ಬನೇ ಉಳಿದಾಗ ಸತ್ತವರು ಸುಮ್ಮನಿರಬೇಕೆಂಬುದು ಅಲಿಖಿತ ನಿಯಮ. ಸತ್ತವರಿಗೇ ಆಗ ಸಲಹೆ ಕೊಡುವ ಹುರುಪು ಜಾಸ್ತಿ, ಅದು ಬೇರೆ ಮಾತು. ಹೊರಗಿನ ಬಾಯಿಗೂ ಕಡಿವಾಣ ಬಿದ್ದದ್ದುಂಟು: ಕೌಂಟರ್ ಸ್ಟ್ರೈಕ್ ಪಂದ್ಯಗಳಲ್ಲಿ ತರಬೇತುದಾರ ಆಟದುದ್ದಕ್ಕೂ ಮಾತಾಡುವಂತಿಲ್ಲ, ಬಿಡುವು ಸಿಕ್ಕಾಗ ಮಾತ್ರ ಮಾತಾಡಬೇಕು ಎಂದು ಅದರ ಒಡೆಯರಾದ ವಾಲ್ವ್ ಕಂಪನಿ 2016ರಲ್ಲಿ ನಿಯಮ ತಂದಿತು.

ಮಾತು ಸಾಗಿಸುವ ದಾರಿಯೂ ಬದಲಾಗುತ್ತ ಬಂದಿದೆ. ಕೌಂಟರ್ ಸ್ಟ್ರೈಕ್ ಶುರುವಾದ ಕಾಲದಲ್ಲಿ ಕೀಲಿಮಣೆಯ ಒಂದೆರಡು ಗುಂಡಿ ಒತ್ತಿದರೆ ಮೊದಲೇ ಮುದ್ರಿಸಿಟ್ಟ ರೇಡಿಯೊ ಆಜ್ಞೆ ಕೇಳಿಸುತ್ತಿತ್ತು. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಸಾಲಾಗಿ ಕೂತು ಆಡುತ್ತಿದ್ದವರಿಗೆ ಅದೂ ಬೇಕಿರಲಿಲ್ಲ, ಕೂಗಿದರೆ ಸಾಕಿತ್ತು. ಆದರೆ ಎದುರಾಳಿ ತಂಡವೂ ಅದೇ ಕೋಣೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಆಮೇಲೆ ದನಿ ಸಾಗಿಸುವ ಟೀಮ್‌ಸ್ಪೀಕ್, ವೆಂಟ್ರಿಲೊ, 2015ರಲ್ಲಿ ಡಿಸ್ಕಾರ್ಡ್ ಬಂದವು. ಮೊಬೈಲ್ ಆಟಗಳಲ್ಲಿ ಮೈಕ್ ಆಟದೊಳಗೇ ಇದೆ. ಅಂತರ್ಜಾಲದಲ್ಲಿ ದನಿ ಸಣ್ಣ ಸಣ್ಣ ತುಣುಕುಗಳಾಗಿ ಸಾಗುತ್ತದೆ. ದಾರಿಯಲ್ಲಿ ಕಳೆದುಹೋದ ತುಣುಕನ್ನು ಸಾಮಾನ್ಯವಾಗಿ ಮತ್ತೆ ಕಳಿಸುವುದಿಲ್ಲ, ಏಕೆಂದರೆ ತಡವಾಗಿ ಬಂದ ಮಾತು ಉಪಯೋಗಕ್ಕಿಲ್ಲ. ಸಿಗ್ನಲ್ ದುರ್ಬಲವಾದಾಗ ಗೆಳೆಯನ ಮಾತು ಮುಕ್ಕುಮುಕ್ಕಾಗಿ ಕೇಳುವುದು ಇದರಿಂದಲೇ. ‘ಮುನ್ನೂರಿಪ್ಪತ್ತು’ ಎಂಬುದರಲ್ಲಿ ‘ಇಪ್ಪತ್ತು’ ಮಾತ್ರ ಉಳಿದರೆ ಇಡೀ ತಂಡ ಬೇರೆ ದಿಕ್ಕಿಗೆ ತಿರುಗುತ್ತದೆ. ‘ತ್ರೀ ಟ್ವೆಂಟಿ’ ಎಂದು ಎರಡು ಸಲ ಒತ್ತಿ ಹೇಳುವುದು ಅದಕ್ಕೇ.

ಮೈಕ್ ಇಲ್ಲದವರಿಗೂ ಭಾಷೆ ಬಾರದವರಿಗೂ ಒಂದು ದಾರಿ ಬೇಕಿತ್ತು. 2019ರ ಫೆಬ್ರುವರಿ 4ರಂದು ಬಿಡುಗಡೆಯಾದ ಅಪೆಕ್ಸ್ ಲೆಜೆಂಡ್ಸ್ ಅದನ್ನು ಅಚ್ಚುಕಟ್ಟಾಗಿ ಮಾಡಿತು. ಎದುರಿಗೆ ಕಾಣುವ ವಸ್ತುವಿನ ಮೇಲೆ ಗುರಿಯಿಟ್ಟು ಒಂದು ಗುಂಡಿ ಒತ್ತಿದರೆ ಅದು ಶತ್ರುವೋ, ಬಂದೂಕೋ, ಹೋಗಬೇಕಾದ ಜಾಗವೋ ಎಂಬುದನ್ನು ಆಟವೇ ಗುರುತಿಸಿ ಜೊತೆಗಾರರ ಪರದೆಯ ಮೇಲೆ ಗುರುತು ಹಾಕುತ್ತದೆ, ಪಾತ್ರದ ದನಿಯಲ್ಲಿ ಹೇಳುತ್ತದೆ. ಇದಕ್ಕೆ ‘ಪಿಂಗ್’ ಎನ್ನುತ್ತಾರೆ. ಇದಕ್ಕಿಂತ ಹಿಂದಿನ ಆಟಗಳಲ್ಲೂ ಗುರುತು ಹಾಕುವ ಸೌಲಭ್ಯ ಇತ್ತು. ಅಪೆಕ್ಸ್ ಬಂದ ಮೇಲೆ ಪಿಂಗ್ ಇಲ್ಲದ ತಂಡದಾಟ ಅರೆಬೆಂದದ್ದು ಎನ್ನಿಸತೊಡಗಿತು.

ಅದೇ ಅಪೆಕ್ಸ್ ಆಟದಲ್ಲಿ ಹೊಗೆ ಹಾರಿಸಿ ತಂಡಕ್ಕೆ ಮರೆ ಒದಗಿಸುವ ಒಬ್ಬಳು ಸೈನಿಕೆ ಇದ್ದಾಳೆ, ಅವಳ ಹೆಸರು ಬ್ಯಾಂಗಲೋರ್. ಯುದ್ಧದಾಟಗಳಲ್ಲಿ ನಮ್ಮ ಊರಿನ ಹೆಸರು ಕೇಳಿಬರುವುದು ಇದೊಂದೇ ಕಡೆ ಅಲ್ಲ. 2002ರ ‘ಮೆಡಲ್ ಆಫ್ ಆನರ್: ಅಲೈಡ್ ಅಸಾಲ್ಟ್’ ಆಟದ ಒಮಾಹಾ ಕಡಲತೀರದ ಕಾಳಗದಲ್ಲಿ ಮುಳ್ಳುತಂತಿ ಸಿಡಿಸಲು ತರಬೇಕಾದ ಸಿಡಿಗೊಳವೆಯೂ ‘ಬ್ಯಾಂಗಲೋರ್’. ಅದರ ಮೂಲ ಮರ್ಫಿ ಟೌನ್‌ಗೆ ದೂರವೇನಲ್ಲ. ಹಲಸೂರು ಕೆರೆಯ ಬಳಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ 1780ರ ಸೆಪ್ಟೆಂಬರ್ 30ರಂದು ಹುಟ್ಟಿದ ಪಡೆ. ಮದ್ರಾಸ್ ಸ್ಯಾಪರ್ಸ್ ಎಂಬುದು ಅದರ ರೂಢಿಯ ಹೆಸರು. ಅದರ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಬೆಂಗಳೂರಿನಲ್ಲಿ ‘ಬ್ಯಾಂಗಲೋರ್ ಟಾರ್ಪೀಡೋ’ ಎಂಬ ಈ ಸಿಡಿಗೊಳವೆಯನ್ನು ರೂಪಿಸಿದ. ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುತ್ತ ತಂತಿಬೇಲಿಯ ಅಡಿಗೆ ತಳ್ಳಿ ಸಿಡಿಸಬೇಕು. ಒಬ್ಬ ಕೊಳವೆ ಕೊಡಬೇಕು, ಒಬ್ಬ ಜೋಡಿಸಬೇಕು, ಉಳಿದವರು ಗುಂಡು ಹಾರಿಸಿ ಶತ್ರುವಿನ ತಲೆ ಏಳದಂತೆ ನೋಡಿಕೊಳ್ಳಬೇಕು, ಸಿಡಿಸುವ ಮೊದಲು ಎಲ್ಲರಿಗೂ ಕೂಗಿ ಹೇಳಬೇಕು. ಸ್ಮೋಕ್ ಹಾಕಿ ಕವರ್ ಕೊಡುವ ಹುಡುಗರ ಕೆಲಸದ ಹಂಚಿಕೆ ಇದಕ್ಕಿಂತ ತೀರ ಬೇರೆಯೇನಲ್ಲ.

ಮರ್ಫಿ ಟೌನ್ ಕೂಡ ದಂಡಿನ ಪ್ರದೇಶದ ಕೂಸು. ಮೊದಲು ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ಈ ಬಡಾವಣೆಗೆ, ಅದನ್ನು ಯೋಜಿಸಿದ ಎಂಜಿನಿಯರ್ ಮರ್ಫಿಯ ಹೆಸರು ಆಮೇಲೆ ಬಂತು. ದಂಡಿನ ಉಳಿದ ಭಾಗಗಳಂತೆ ಇಲ್ಲಿಯೂ ತಮಿಳು, ಕನ್ನಡ, ತೆಲುಗು, ದಖನಿ ಉರ್ದು, ಇಂಗ್ಲಿಷ್ ಒಂದೇ ಬೀದಿಯಲ್ಲಿ ಓಡಾಡುತ್ತವೆ. ಒಂದೇ ಸ್ಕ್ವಾಡ್‌ನಲ್ಲಿ ಮೂರು ಮನೆಮಾತು ಇದ್ದರೂ ಆಟ ಕೆಡುವುದಿಲ್ಲ. ವಸ್ತುಗಳ ಹೆಸರು ಇಂಗ್ಲಿಷಿನದು, ಎಲ್ಲರಿಗೂ ಒಂದೇ. ಬದಲಾಗುವುದು ಕ್ರಿಯೆ ಮಾತ್ರ. ಒಬ್ಬ ‘ರಿವೈವ್ ಕೊಡು’ ಎಂದರೆ ಇನ್ನೊಬ್ಬ ‘ರಿವೈವ್ ಕುಡು’, ಮತ್ತೊಬ್ಬ ‘ರಿವೈವ್ ದೇ’ ಎನ್ನುತ್ತಾನೆ. ದೇಶದ ಬೇರೆ ಭಾಗದವರೊಡನೆ ಆಡುವಾಗ ಹಿಂದಿ ಮೇಲುಗೈ ಪಡೆಯುತ್ತದೆ. ಒತ್ತಡ ಏರಿದಾಗ ಮಾತ್ರ ಪ್ರತಿಯೊಬ್ಬನೂ ಮನೆಮಾತಿಗೆ ಜಾರುತ್ತಾನೆ, ಮುಖ್ಯವಾದ ಸುದ್ದಿ ತಪ್ಪಿಹೋಗುವುದೂ ಆಗಲೇ. ಅದಕ್ಕೆಂದೇ ಪಂದ್ಯಕ್ಕೆ ಇಳಿಯುವ ತಂಡಗಳು ಅಂಕಿ, ದಿಕ್ಕು, ಆಜ್ಞೆಗಳಿಗೆ ಯಾವ ಪದ ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತವೆ, ಆಡಿದ್ದನ್ನು ಧ್ವನಿಸಮೇತ ಮುದ್ರಿಸಿ ಆಮೇಲೆ ಕೂತು ಕೇಳುತ್ತವೆ.

ಭಾರತದಲ್ಲಿ ಈ ಆಟಗಳ ಹಾದಿ ನೇರವಾಗಿರಲಿಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಕೆಲವೇ ದಿನಗಳಲ್ಲಿ ‘ಫೌಜಿ’ ಆಟವನ್ನು ಘೋಷಿಸಿ 2021ರ ಜನವರಿ 26ರಂದು ಬಿಡುಗಡೆ ಮಾಡಿತು. ಗಲ್ವಾನ್ ಕಣಿವೆಯ ಕಥೆ, ದೇಶಪ್ರೇಮದ ಪ್ರಚಾರ ಎರಡೂ ಇದ್ದವು, ಜೊತೆಗಾರರು ಇರಲಿಲ್ಲ. ಒಬ್ಬನೇ ಆಡುವ ಆಟವಾಗಿ ಬಂದಿದ್ದ ಅದಕ್ಕೆ ತಂಡಗಳ ಕಾದಾಟವನ್ನು ಆಮೇಲೆ ಸೇರಿಸಬೇಕಾಯಿತು. ಪಬ್‌ಜಿಯ ಭಾರತೀಯ ರೂಪವಾದ ಬಿಜಿಎಂಐ 2021ರ ಜುಲೈ 2ರಂದು ಬಂತು, 2022ರ ಜುಲೈನಲ್ಲಿ ಅಂಗಡಿಗಳಿಂದ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇದೆ. 2025ರ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮಾನ್ಯತೆ ಕೊಟ್ಟಿದೆ.

ಪರಿಚಿತರ ತಂಡಕ್ಕೆ ಇರುವ ಶಿಸ್ತು ಅಪರಿಚಿತರ ನಡುವೆ ಉಳಿಯುವುದು ಕಷ್ಟ. ಒಂಟಿಯಾಗಿ ಆಟಕ್ಕೆ ಬಂದವನಿಗೆ ಕಂಪ್ಯೂಟರೇ ಜೊತೆಗಾರರನ್ನು ಹುಡುಕಿಕೊಡುತ್ತದೆ. ಆಟಗಾರರು ಅವರನ್ನು ‘ರ್‍ಯಾಂಡಮ್’ ಎನ್ನುತ್ತಾರೆ. ಯಾರೆಂದು ಗೊತ್ತಿಲ್ಲ, ನಾಳೆ ಸಿಗುವುದಿಲ್ಲ, ಆದ್ದರಿಂದ ಬೈಗುಳಕ್ಕೆ ಅಂಜಿಕೆಯೂ ಇಲ್ಲ. ಹೆಣ್ಣುದನಿ ಕೇಳಿದೊಡನೆ ಕೆಲವರ ವರಸೆಯೇ ಬದಲಾಗುವುದರಿಂದ ಎಷ್ಟೋ ಹುಡುಗಿಯರು ಮೈಕ್ ಮುಚ್ಚಿಟ್ಟು ಪಿಂಗ್‌ನಲ್ಲೇ ಆಡುತ್ತಾರೆ. ಆಗ ತಂಡಕ್ಕೆ ಒಂದು ಬಾಯಿ ಕಡಿಮೆಯಾಗುತ್ತದೆ, ಹಲವು ಸಲ ಅದು ನಾಲ್ವರಲ್ಲಿ ಚೆನ್ನಾಗಿ ನೋಡಿ ಹೇಳಬಲ್ಲ ಬಾಯಿಯೇ ಆಗಿರುತ್ತದೆ. ಬೈಯುವವನ ದನಿಯನ್ನು ಅಡಗಿಸುವ ಗುಂಡಿ, ದೂರು ಕೊಡುವ ಗುಂಡಿ ಇಂಥ ಬಹುತೇಕ ಆಟಗಳಲ್ಲಿವೆ. ದನಿ ಅಡಗಿಸಿದರೂ ಅವನು ಹಾಕಿದ ಪಿಂಗ್ ಭೂಪಟದ ಮೇಲೆ ಕಾಣಿಸುವಂತೆ ಇಟ್ಟುಕೊಳ್ಳುವುದು ಹಳಬರ ಅಭ್ಯಾಸ. ಬೈಗುಳದ ಬಾಯಿಯವನಿಗೂ ಬಂಡೆ ಹಿಂದಿನ ಶತ್ರು ಕಂಡಿರುತ್ತಾನೆ.