ಇಂಗಾಲ ಬೆರೆತ ಪರಮಾಣು ಇಂಧನ



ಇಂಗಾಲ ಎಂದೊಡನೆ ನಿಮಗೆ ಇದ್ದಿಲು, ಪೆನ್ಸಿಲ್ಲಿನ ಕಡ್ಡಿ, ವಜ್ರ ನೆನಪಾಗುತ್ತವೆ. ಪರಮಾಣು ರಿಯಾಕ್ಟರಿನ ಇಂಧನದಲ್ಲೂ ಇಂಗಾಲ ಇರಬಹುದು ಎಂದರೆ ಆಶ್ಚರ್ಯವಾಗುವುದಲ್ಲವೇ? ಆದರೆ ಇಲ್ಲಿ ಇಂಗಾಲ ಉರಿಯುವುದಿಲ್ಲ. ಶಾಖ ಹುಟ್ಟುವುದು ಯುರೇನಿಯಂ, ಪ್ಲುಟೋನಿಯಂ ಪರಮಾಣುಗಳ ಬೀಜಕೇಂದ್ರ ಒಡೆಯುವುದರಿಂದ. ಇಂಗಾಲವು ಈ ಲೋಹಗಳೊಡನೆ ಕೂಡಿ ಕಾರ್ಬೈಡ್ ಎಂಬ ಗಟ್ಟಿ ಸಂಯುಕ್ತವಾಗಿರುತ್ತದೆ.

ನಮ್ಮ ಕೈಗಾ ಸ್ಥಾವರದಲ್ಲಿ ಬಳಸುವುದು ಯುರೇನಿಯಂ ಆಕ್ಸೈಡ್. ಹಾಗಾದರೆ ಕಾರ್ಬೈಡ್ ಏಕೆ ಬೇಕಾಯಿತು? ತಮಿಳುನಾಡಿನ ಕಲ್ಪಾಕ್ಕಂನಲ್ಲಿ ಫ್ರಾನ್ಸ್ ದೇಶದ ನೆರವಿನಿಂದ ವೇಗ ತಳಿ ಪರೀಕ್ಷಾ ರಿಯಾಕ್ಟರ್ ಕಟ್ಟುವ ಕೆಲಸ ಆರಂಭವಾಗಿತ್ತು. 1974ರ ಪೋಖ್ರಾನ್ ಪರೀಕ್ಷೆಯ ನಂತರ ಅದಕ್ಕೆ ಬೇಕಾದ ಸಮೃದ್ಧ ಯುರೇನಿಯಂ ಹೊರಗಿನಿಂದ ಬರಲಿಲ್ಲ. ಆ ಕೊರತೆಯನ್ನು ಪ್ಲುಟೋನಿಯಂನಿಂದಲೇ ತುಂಬಬೇಕಾಯಿತು. ಆದರೆ ಪ್ಲುಟೋನಿಯಂ ಹೆಚ್ಚಿರುವ ಆಕ್ಸೈಡಿಗೂ ರಿಯಾಕ್ಟರನ್ನು ತಂಪಾಗಿಸುವ ದ್ರವ ಸೋಡಿಯಂಗೂ ಹೊಂದಾಣಿಕೆಯಿಲ್ಲ. ಕಾರ್ಬೈಡಿಗೆ ಆ ತೊಂದರೆಯಿಲ್ಲ. ಅದು ಶಾಖವನ್ನು ಆಕ್ಸೈಡಿಗಿಂತ ಹಲವು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಹೀಗೆ ಶೇ. 70 ಪ್ಲುಟೋನಿಯಂ ಕಾರ್ಬೈಡ್, ಶೇ. 30 ಯುರೇನಿಯಂ ಕಾರ್ಬೈಡ್ ಬೆರೆತ ಇಂಧನವನ್ನು ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ತಯಾರಿಸಲಾಯಿತು. 1985ರ ಅಕ್ಟೋಬರ್ 18ರಂದು ರಿಯಾಕ್ಟರ್ ಚಾಲನೆಗೊಂಡಿತು.

ತಯಾರಿಕೆಯ ತತ್ತ್ವ ನಿಮಗೆ ಹೊಸದಲ್ಲ. ಹಿಂದೆ ಭದ್ರಾವತಿಯ ಕುಲುಮೆಯಲ್ಲಿ ಇದ್ದಿಲು ಅದಿರಿನ ಆಮ್ಲಜನಕವನ್ನು ಕಿತ್ತು ಕಬ್ಬಿಣವನ್ನು ಬಿಡಿಸುತ್ತಿತ್ತು. ಇಲ್ಲಿಯೂ ಹಾಗೆಯೇ. ಆಕ್ಸೈಡ್ ಪುಡಿಗೆ ಗ್ರಾಫೈಟ್ ಪುಡಿ ಬೆರೆಸಿ, ಬಿಲ್ಲೆಯಾಗಿ ಒತ್ತಿ, ನಿರ್ವಾತ ಕುಲುಮೆಯಲ್ಲಿ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸುತ್ತಾರೆ. ಒಂದು ಯುರೇನಿಯಂ ಡೈಆಕ್ಸೈಡ್ ಅಣುವಿಗೆ ಮೂರು ಇಂಗಾಲದ ಪರಮಾಣುಗಳು ಬೇಕು. ಎರಡು, ಆಮ್ಲಜನಕದೊಡನೆ ಕೂಡಿ ಕಾರ್ಬನ್ ಮಾನಾಕ್ಸೈಡ್ ಅನಿಲವಾಗಿ ಹೊರಟುಹೋಗುತ್ತವೆ. ಒಂದು, ಲೋಹದ ಜೊತೆ ಉಳಿದು ಕಾರ್ಬೈಡ್ ಆಗುತ್ತದೆ. ಆಮೇಲೆ ಅದನ್ನು ಅರೆದು, ಪುಟ್ಟ ಗುಳಿಗೆಗಳಾಗಿ ಒತ್ತಿ, ಮತ್ತೆ ಬೇಯಿಸಿ, ಉಕ್ಕಿನ ತೆಳು ಕೊಳವೆಗಳಲ್ಲಿ ತುಂಬಿ, ತುದಿಗಳನ್ನು ಬೆಸುಗೆ ಹಾಕುತ್ತಾರೆ.

ಕೇಳಲು ಸುಲಭ, ಮಾಡಲು ಬಲು ಕಷ್ಟ! ಬೆಸುಗೆ ಅಂಗಡಿಯಲ್ಲಿ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಸೋಕಿದರೆ ಅಸಿಟಿಲೀನ್ ಬರುವುದನ್ನು ನೀವು ಓದಿದ್ದೀರಿ. ಯುರೇನಿಯಂ ಕಾರ್ಬೈಡ್ ಕೂಡ ತೇವವನ್ನು ಸಹಿಸದು. ಮುಖ್ಯವಾಗಿ ಮೀಥೇನ್ ಮತ್ತು ಹೈಡ್ರೋಜನ್ ಬಿಡುತ್ತದೆ. ಅದರ ನುಣುಪಾದ ಪುಡಿ ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಇನ್ನು ಪ್ಲುಟೋನಿಯಂ ಧೂಳು ಉಸಿರಿನಲ್ಲಿ ಸೇರಿದರೆ ಶ್ವಾಸಕೋಶಕ್ಕೆ ಅಪಾಯ. ಆದ್ದರಿಂದ ಇಡೀ ಕೆಲಸ ನಡೆಯುವುದು ತೇವ ಹಾಗೂ ಆಮ್ಲಜನಕ ತೆಗೆದ ಅನಿಲ ತುಂಬಿದ ಮುಚ್ಚಿದ ಪೆಟ್ಟಿಗೆಗಳೊಳಗೆ. ಕೆಲಸಗಾರರು ಅದಕ್ಕೆ ಜೋಡಿಸಿದ ರಬ್ಬರ್ ಕೈಚೀಲಗಳಲ್ಲಿ ಕೈ ತೂರಿಸಿ ದುಡಿಯುತ್ತಾರೆ. ಒಂದು ಪೆಟ್ಟಿಗೆಯಲ್ಲಿ ಎಷ್ಟು ಪ್ಲುಟೋನಿಯಂ ಇರಬಹುದು ಎಂಬುದಕ್ಕೂ ಕಟ್ಟುನಿಟ್ಟಿನ ಮಿತಿಯಿದೆ. ಮಿತಿ ಮೀರಿ ಒಂದೆಡೆ ಸೇರಿದರೆ ಸರಪಳಿ ಕ್ರಿಯೆ ಅಲ್ಲಿಯೇ ಶುರುವಾದೀತು.

ಇಂಗಾಲದ ಅಳತೆಯೂ ಅಷ್ಟೇ ಮುಖ್ಯ. ಹೆಚ್ಚಾದರೆ ಅದು ಉಕ್ಕಿನ ಕೊಳವೆಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಕಡಿಮೆಯಾದರೆ ಬಿಡಿ ಲೋಹ ಉಳಿದು, ಬೇಗ ಕರಗುವ ಮಿಶ್ರಣವಾಗುತ್ತದೆ. ಎರಡರಿಂದಲೂ ಕೊಳವೆಗೆ ಕುತ್ತು.

ಇಷ್ಟೆಲ್ಲ ಶ್ರಮದ ಫಲವೇನು? ಒಂದು ಟನ್ ಇಂಧನಕ್ಕೆ 25,000 ಮೆಗಾವಾಟ್-ದಿನಗಳಷ್ಟು ಶಾಖ ಪಡೆಯುವುದು ಆರಂಭದ ಗುರಿ. ಹಂತಹಂತವಾಗಿ ಪರೀಕ್ಷಿಸುತ್ತ ಅದನ್ನು 1,65,000ಕ್ಕೆ ಏರಿಸಲಾಯಿತು. ಕೊರತೆಯಿಂದ ಆರಿಸಿಕೊಂಡ ದಾರಿ ಹೀಗೆ ಸಾರ್ಥಕವಾಯಿತು.

ಈಗ ಪುಸ್ತಕ ಮುಚ್ಚಿ, ಮೇಲಿನ ಕ್ರಿಯೆಯ ಸಮೀಕರಣವನ್ನು ನೀವೇ ಬರೆದು ಸರಿದೂಗಿಸಿ ನೋಡಿ. ಮೂರು ಇಂಗಾಲ ಏಕೆ ಬೇಕೆಂದು ಆಗ ನಿಮಗೇ ಹೊಳೆಯುತ್ತದೆ.