ವಿಶ್ವವಿದ್ಯಾನಿಲಯದ ವೆಚ್ಚ

ವಿದ್ಯೆಗೆ ಬೆಲೆ ಕಟ್ಟಲಾಗದೆಂದು ಹಿರಿಯರು ಹೇಳುತ್ತಾರೆ. ಆದರೆ ವಿದ್ಯಾಲಯವನ್ನು ನಡೆಸುವುದಕ್ಕೆ ವೆಚ್ಚವುಂಟು. ಅದು ವರ್ಷದಿಂದ ವರ್ಷಕ್ಕೆ ಏರುತ್ತಲೂ ಇದೆ. ಪ್ರೌಢಶಾಲೆಯನ್ನು ಮುಗಿಸಿ ಮುಂದೆ ಓದಬೇಕೆನ್ನುವ ವಿದ್ಯಾರ್ಥಿಗಳ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: ಇಷ್ಟೊಂದು ಹಣವೇಕೆ? ಅದು ಹೋಗುವುದಾದರೂ ಎಲ್ಲಿಗೆ?

ವಿಶ್ವವಿದ್ಯಾನಿಲಯದ ಆಯವ್ಯಯದಲ್ಲಿ ಸಾಮಾನ್ಯವಾಗಿ ಅತಿ ದೊಡ್ಡ ಪಾಲು ಸಂಬಳ ಮತ್ತು ನಿವೃತ್ತಿ ವೇತನಗಳದು. ಇದಷ್ಟೇ ದುಂದುಗಾರಿಕೆಯ ಗುರುತಲ್ಲ. ಬೋಧನೆಯ ಸ್ವಭಾವವೇ ಅಂತಹುದು. ಕೈಮಗ್ಗದ ಸ್ಥಾನದಲ್ಲಿ ವಿದ್ಯುತ್ ಮಗ್ಗ ಬಂದಾಗ ನೇಕಾರನು ಒಂದು ದಿನದಲ್ಲಿ ಹಿಂದಿಗಿಂತ ಎಷ್ಟೋ ಹೆಚ್ಚು ಬಟ್ಟೆಯನ್ನು ನೇಯಬಲ್ಲವನಾದನು. ಆದರೆ ವಿದ್ಯಾರ್ಥಿಯ ಪ್ರಬಂಧವನ್ನು ಓದಿ, ತಪ್ಪನ್ನು ತಿದ್ದಿ, ಅದು ಏಕೆ ತಪ್ಪೆಂದು ತಿಳಿಯಹೇಳಲು, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದ 1916ರಲ್ಲಿ ಎಷ್ಟು ಹೊತ್ತು ಬೇಕಾಗಿತ್ತೋ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇತರ ಉದ್ಯಮಗಳಲ್ಲಿ ಉತ್ಪಾದನೆಯೊಂದಿಗೆ ಸಂಬಳವೂ ಏರುತ್ತದೆ. ಅಧ್ಯಾಪಕರ ಸಂಬಳವನ್ನು ಏರಿಸದಿದ್ದರೆ ಸಮರ್ಥರು ಆ ವೃತ್ತಿಗೆ ಬಾರರು. ಏರಿಸಿದರೆ ಪಾಠದ ವೆಚ್ಚ ಹೆಚ್ಚುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಅವರು 1966ರಲ್ಲಿ ಸಂಗೀತ, ನಾಟಕಗಳ ಆರ್ಥಿಕ ಸ್ಥಿತಿಯನ್ನು ಕುರಿತು ಬರೆದ ಗ್ರಂಥದಲ್ಲಿ ಈ ತತ್ತ್ವವನ್ನು ವಿವರಿಸಿದರು. ನಾಲ್ವರು ನುಡಿಸಬೇಕಾದ ಕೃತಿಯನ್ನು ಇಬ್ಬರು ಅರ್ಧ ಹೊತ್ತಿನಲ್ಲಿ ನುಡಿಸಿ ಮುಗಿಸಲಾಗದು, ಪಾಠವೂ ಹಾಗೆಯೇ.

ಎರಡನೆಯ ಕಾರಣವು ಜ್ಞಾನದ ಬೆಳವಣಿಗೆ. ತಕ್ಕಡಿ ಮತ್ತು ಗಾಜಿನ ನಳಿಕೆಗಳಿಂದ ನಡೆಯುತ್ತಿದ್ದ ಪ್ರಯೋಗಶಾಲೆಗೆ ಇಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಗಣಕಯಂತ್ರವೂ ಬೇಕು. ಗಣಕಯಂತ್ರವು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಉಪಕರಣಗಳೂ ಸಂಶೋಧನ ಪತ್ರಿಕೆಗಳೂ ಬಹುಮಟ್ಟಿಗೆ ವಿದೇಶಗಳಿಂದ ಬರುವುದರಿಂದ, ರೂಪಾಯಿಯ ಮೌಲ್ಯ ಕುಸಿದಾಗ ಅವುಗಳ ವೆಚ್ಚ ಏರುತ್ತದೆ. ಪರೀಕ್ಷೆ, ವಿದ್ಯಾರ್ಥಿನಿಲಯ, ಕಟ್ಟಡಗಳ ದುರಸ್ತಿ, ಆಡಳಿತ ಇವುಗಳಿಗೂ ಹಣ ಬೇಕು.

ಹಾಗೆಂದು ಎಲ್ಲ ವೆಚ್ಚವೂ ಅನಿವಾರ್ಯವಲ್ಲ. ಹವರ್ಡ್ ಬೋವೆನ್ ಎಂಬ ಮತ್ತೊಬ್ಬ ಅರ್ಥಶಾಸ್ತ್ರಜ್ಞರು 1980ರಲ್ಲಿ ಅಮೆರಿಕದ ವಿದ್ಯಾಸಂಸ್ಥೆಗಳನ್ನು ಪರಿಶೀಲಿಸಿ, ಕೀರ್ತಿಗಾಗಿ ಸ್ಪರ್ಧಿಸುವ ಸಂಸ್ಥೆಗಳು ಕೂಡಿಸಬಲ್ಲಷ್ಟು ಹಣವನ್ನು ಕೂಡಿಸುತ್ತವೆ, ಕೂಡಿಸಿದ್ದೆಲ್ಲವನ್ನೂ ವ್ಯಯಿಸುತ್ತವೆ ಎಂದು ತೋರಿಸಿದರು. ಹೊಳೆಯುವ ಕಟ್ಟಡಕ್ಕೆ ಸುರಿದ ಹಣವು ಗ್ರಂಥಾಲಯಕ್ಕೆ ಸಲ್ಲದೆ ಹೋಗಬಹುದು.

ವೆಚ್ಚ ಬೇರೆ, ಶುಲ್ಕ ಬೇರೆ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಇಂಗ್ಲೆಂಡಿನಲ್ಲಿ ವಾರ್ಷಿಕ ಶುಲ್ಕದ ಮಿತಿಯು 1998ರಲ್ಲಿ 1,000 ಪೌಂಡು, 2006ರಲ್ಲಿ 3,000 ಪೌಂಡು, 2012ರಲ್ಲಿ 9,000 ಪೌಂಡು ಆಯಿತು. ಬೋಧನೆಯ ವೆಚ್ಚವೇ ಒಂಬತ್ತು ಪಟ್ಟು ಬೆಳೆದಿರಲಿಲ್ಲ. ಸರ್ಕಾರವು ತನ್ನ ಅನುದಾನವನ್ನು ತಗ್ಗಿಸಿ, ಭಾರವನ್ನು ವಿದ್ಯಾರ್ಥಿಗಳ ಹೆಗಲಿಗೆ ವರ್ಗಾಯಿಸಿತ್ತು.

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆ ನ್ಯಾಯಾಲಯವನ್ನು ಮುಟ್ಟಿದೆ. 1989ರಲ್ಲಿ ಕರ್ನಾಟಕ ಸರ್ಕಾರವು ಹೊರಡಿಸಿದ ಆದೇಶದಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದವರಿಗೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ ವಾರ್ಷಿಕ ಶುಲ್ಕವಿತ್ತು. ಒಂದೇ ತರಗತಿ, ಒಂದೇ ಪಾಠ; ಶುಲ್ಕ ಮಾತ್ರ ಮೂರು ಬಗೆ! 60,000 ರೂಪಾಯಿಯ ಆ ಶುಲ್ಕವು ಕ್ಯಾಪಿಟೇಷನ್ ಶುಲ್ಕವೇ ಎಂದು ಸುಪ್ರೀಂ ಕೋರ್ಟು 1992ರಲ್ಲಿ ತೀರ್ಪಿತ್ತಿತು. 2002ರಲ್ಲಿ 11 ನ್ಯಾಯಾಧೀಶರ ಪೀಠವು, ಖಾಸಗಿ ಸಂಸ್ಥೆಗಳು ಶುಲ್ಕವನ್ನು ತಾವೇ ಗೊತ್ತುಮಾಡಬಹುದು, ಬೆಳವಣಿಗೆಗೆ ತಕ್ಕ ಮಿಗುತಾಯವನ್ನೂ ಪಡೆಯಬಹುದು, ಆದರೆ ಲಾಭಕೋರತನ ಸಲ್ಲದು ಎಂದು ಹೇಳಿತು.

ರಾಷ್ಟ್ರೀಯ ಆದಾಯದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಕೊಠಾರಿ ಆಯೋಗವು 1966ರಲ್ಲಿ ಶಿಫಾರಸು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಗುರಿಯನ್ನು ಪುನರುಚ್ಚರಿಸಬೇಕಾಯಿತು. ಸಾರ್ವಜನಿಕ ಹಣ ಸಾಲದಾದಾಗ ಕೊರತೆಯನ್ನು ತುಂಬುವವರು ತಂದೆತಾಯಿಗಳು. ಅವರಿಗೆ ಶಕ್ತಿಯಿಲ್ಲದಿದ್ದರೆ ಜಾಣ ಮಗುವಿನ ಓದು ಅಲ್ಲಿಗೇ ನಿಲ್ಲುತ್ತದೆ.

ಒಳ್ಳೆಯ ಶಿಕ್ಷಣದ ವೆಚ್ಚ ಏರುವುದನ್ನು ಪೂರ್ಣವಾಗಿ ತಡೆಯಲಾಗದು. ಆದರೆ ಆ ಹಣ ಎಲ್ಲಿಗೆ ಹೋಯಿತೆಂದು ಲೆಕ್ಕ ಕೇಳುವುದೂ, ಆ ಭಾರವನ್ನು ಯಾರು ಎಷ್ಟು ಹೊರಬೇಕೆಂದು ನಿರ್ಧರಿಸುವುದೂ ಪ್ರಜೆಗಳ ಕೈಯಲ್ಲಿದೆ. ಮುಂದೆ ಪ್ರಜೆಗಳಾಗಿ ಮತ ನೀಡಲಿರುವ ವಿದ್ಯಾರ್ಥಿಗಳು ಇದನ್ನು ಇಂದೇ ತಿಳಿದಿರುವುದು ಲೇಸು.